ಪಾಸ್‌ಪೋರ್ಟಿಗೂ ‘ಶ್ರೀ’ ಬರದ ನಿಜಗುಣಪ್ಪ

“ಕಾಗದ-ಪತ್ರ ಹೆಂಗ ಜ್ವಾಕಿ ಮಾಡಬೇಕು, ನನ್ನ ನೋಡಿ ಕಲೀರಿ!” ಅಂತ ಎದಿ ಉಬ್ಬಿಸಿ, ಬೈಲಹೊಂಗಲದ ಹತ್ತಿ ದಲಾಲಿ ನಿಜಗುಣಪ್ಪ ತಂಗಿ ಸ್ನೇಹಲ್ ಕೈಯಾಗಿನ ಪಾಸ್‌ಪೋರ್ಟು, ಪಿ.ಆರ್. ಕಾರ್ಡು ಎರಡೂ ಕಸಗೊಂಡು ತಿಜೋರ್ಯಾಗ ಇಟ್ಟ.

ಸ್ನೇಹಲ್ ಕೆನಡಾದ ಕಾಯಂ ರಹವಾಸಿ. ಅಲ್ಲಿ ದವಾಖಾನಿಯೊಳಗ ನರ್ಸು. ಸಣ್ಣ ಮಗಳನ್ನ ಗಂಡನ ಹಂತೇಕ ಬಿಟ್ಟು ದೀಪಾವಳಿಗೆ ತವರಿಗೆ ಬಂದಿದ್ಲು. “ಅಣ್ಣಾ, ಅವೆರಡೂ ಇಲ್ಲಂದ್ರ ನನಗ ವಿಮಾನ ಹತ್ತಗೊಡೂದಿಲ್ಲ” ಅಂತ ಬಡಕೊಂಡು ಹೇಳಿದ್ಲು.

ಪಾಡ್ಯದ ಮುಂಜಾನೆ ಕಾರು ಬಾಗಲಿಗೆ ಬಂತು. ತಿಜೋರಿ ತಗದ್ರ, ಖಾಲಿ!

ನಿಜಗುಣಪ್ಪನ ಸಿಟ್ಟು ನೆತ್ತಿಗೇರಿತು. “ಯಾವ ಮೂಳ ಕೈ ಹಾಕಿದ್ದು? ಈ ಮನ್ಯಾಗ ಒಂದು ಸಾಮಾನು ಇಟ್ಟಲ್ಲಿ ಇರಂಗಿಲ್ಲ!” ಹೆಂಡ್ತೀನ್ನ ಬೈದ. ಬೆಕ್ಕಿಗೆ ಬೈದ. ಹಾರ್ನ್ ಹೊಡದ ತಪ್ಪಿಗೆ ಡ್ರೈವರ್ ನಾಸಿರನ ವಂಶಾವಳೀನೂ ಎತ್ತಿದ!

“ರೀ, ಕೀಲಿ ನಿಮ್ಮ ಉಡದಾರದಾಗ ಐತಿ” ಅಂದ್ಲು ಹೆಂಡ್ತಿ ನಾಗರತ್ನಾ. “ನಿನ್ನಿ ಲಕ್ಷ್ಮೀಪೂಜಿಗೆ ತಿಜೋರ್ಯಾಗಿಂದೆಲ್ಲಾ ಬಾಚಿ ತಂದವರ್ಯಾರು?”

ಎಲ್ಲಾರೂ ಪೂಜಿ ಕಡೆ ಹೊಳ್ಳಿದ್ರು. ಹೊಸಾ ಲೆಕ್ಕದ ಪುಸ್ತಕಗಳ ನಡುವ ಪಾಸ್‌ಪೋರ್ಟಿನ ಮೂಲಿ ಇಣುಕತಿತ್ತು. ಸ್ನೇಹಲ್ ಕೈ ಚಾಚಿದ್ಲು.

“ಮುಟ್ಟೀಯಂದ್ರ ನೋಡು! ಪೂಜಿ ಇಳಸಾಕ ಅಯ್ಯನವರು ಬರೂತನಕ ಲಕ್ಷ್ಮೀನ್ನ ಕದಲಸಬಾರ್ದು. ನನ್ನ ಅಂಗಡಿ ಮುಳಗತೈತಿ!”

“ಮುಳಗಲಿ! ಅಲ್ಲಿ ನನ್ನ ಕೂಸು ಅವ್ವ ಅವ್ವ ಅಂತ ಹಾದಿ ಕಾಯಾಕತ್ತೈತಿ!” ಅಂತ ಆಕಿ ಎಳದೇಬಿಟ್ಲು. ಪುಸ್ತಕದ ಗುಡ್ಡಾ ಧಡ್ ಅಂತ ಕುಸೀತು, ತೆಂಗಿನಕಾಯಿ ಉಳ್ಳಿ ಹೋಗಿ ನಿಜಗುಣಪ್ಪನ ಕಾಲಿನ ಹೆಬ್ಬಟ್ಟಿಗೇ ಬಡೀತು!

ಕಾರ್ಡಿನ ಅರಿಷಿಣ ಒರಿಸಿದ್ರ ಹೋತು. ಪಾಸ್‌ಪೋರ್ಟು ತಗದು ನೋಡಿದ್ರ, ಶಿವಶಿವಾ! ಹೊಸಾ ಪುಸ್ತಕಕ್ಕೆಲ್ಲಾ ಕುಂಕುಮದಾಗ ‘ಶ್ರೀ’ ಬರಿಯೂದು ಅಜ್ಜನ ಕಾಲದ ಪದ್ಧತಿ. ಕಣ್ಣಿಗೆ ಚಾಳೀಸು ಹಾಕದ ದಲಾಲಿ ಸಾಹೇಬ್ರು ಬರಿಯೂ ರಭಸದಾಗ ಇದಕ್ಕೂ ಬರದಿದ್ರು! ಫೋಟೋದಾಗಿನ ಸ್ನೇಹಲ್‌ಳ ಹಣಿಯಿಂದ ಗದ್ದದ ತನಕ ದಪ್ಪನ ‘ಶ್ರೀ’. ವೀಸಾ ಪುಟದಾಗ ಎಡಕ್ಕ ‘ಶುಭ’, ಬಲಕ್ಕ ‘ಲಾಭ’!

“ಒಳ್ಳೇದಾಗ್ಲಿ ಅಂತ ಬರದೇನಿ, ತಂಗೀ...”

“ಏನು ಒಳ್ಳೇದಾತು? ಹೇಳು!” ಸ್ನೇಹಲ್ ಸಿಟ್ಟಿಲೇ ಅಳಾಕ ಶುರು ಮಾಡಿದ್ಲು. ವಿಮಾನ ಆಕೀನ್ನ ಬಿಟ್ಟು ಹಾರಿಹೋತು.

ಹೊಸಾ ಪಾಸ್‌ಪೋರ್ಟಿಗೆ ಅರ್ಜಿ ಹಾಕಾಕ ಹೋದಾಗ ಕಚೇರಿ ಸಾಹೇಬ ಪುಟ ತಿರುವಿ ತಿರುವಿ ನೋಡಿ, “ಲಾಭ ಯಾರಿಗಾತ್ರಿ?” ಅಂತ ಕೇಳಿದ. ಊರ ಮಂದಿಗೆಲ್ಲಾ ದಬಾಯಿಸೋ ನಿಜಗುಣಪ್ಪ ಮೆಲ್ಲಕ ಅರ್ಜಿ ಮುಂದಕ್ಕ ಸರಿಸಿದ.

ಮನ್ಯಾಗ ತಂಗಿ ಮಾತು ಬಿಟ್ಲು. ಫೋನಿನಾಗ ಆ ಕೂಸು “ಮಾಮಾ, ನಮ್ಮವ್ವನ್ನ ಯಾಕ ಇಟಗೊಂಡೀದಿ?” ಅಂತ ಕೇಳಿದ ದಿವಸ ಆತ ಮುರದ ರೊಟ್ಟಿ ತಾಟಿನಾಗ ಬಿಟ್ಟು ಎದ್ದ.

ಕಡೀಕೊಮ್ಮೆ ಅಂಚೆಯವ ಹೊಸಾ ಪಾಸ್‌ಪೋರ್ಟು ತಂದ. ಚಾಳಿ ಬಿಡಬೇಕಲ್ಲ, ನಿಜಗುಣಪ್ಪ ಕೈ ಚಾಚಿದ. ಸ್ನೇಹಲ್ ಅದನ್ನ ಎದಿಗೆ ಅವಚಿಕೊಂಡು ಹಿಂದ ಸರದು, ಅಷ್ಟು ದಿವಸದ ಮ್ಯಾಲ ಮೊದಲನೇ ಮಾತು ಆಡಿದ್ಲು.

“ದೂರ! ಕೈ ಮುಗಿಯೂದಿದ್ರ ಅಲ್ಲೇ ನಿಂತು ಮುಗಿ.”

ನಿಜಗುಣಪ್ಪ ಅಲ್ಲೇ ನಿಂತ. ಕೈ ಮುಗದ.