ಕೊಕ್ಕನೂರಿನಲ್ಲಿ ನಾನು ಪತ್ತೆಯಾದದ್ದು

ಕಾಣೆಯಾದವರನ್ನು ಹುಡುಕುವುದರಲ್ಲಿ ನನಗಿರುವ ಪರಿಣತಿಯನ್ನು ನಮ್ಮ ವಿದ್ಯಾನಗರದಲ್ಲಿ ಇನ್ನೂ ಯಾರೂ ಸರಿಯಾಗಿ ಗುರುತಿಸಿಲ್ಲ. ಗುರುತಿಸಬೇಕಾದ ಹೆಂಡತಿಯೇ ಗುರುತಿಸಿಲ್ಲವೆಂದ ಮೇಲೆ ಬೇರೆಯವರನ್ನು ದೂರಿ ಫಲವೇನು? ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತನಾದ ಷಡಾಕ್ಷರಪ್ಪ ಎಂಬ ನಾನು, ‘ಪತ್ತೇದಾರಿ ಬಳಗ’ ಎಂಬ ವಾಟ್ಸಾಪ್ ಗುಂಪಿನ ಸಂಸ್ಥಾಪಕ ಅಡ್ಮಿನ್. ಪೇಪರಿನಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಬಳಗ ಕಾಫಿ ಲೋಟ ಹಿಡಿದುಕೊಂಡೇ ತನಿಖೆಗೆ ಇಳಿಯುತ್ತದೆ. ಮೊಬೈಲ್ ಟವರ್, ಆಸ್ತಿ ಜಗಳ, ಅಳಿಯನ ಮೇಲೆ ಅನುಮಾನ, ಯಾವುದನ್ನೂ ಬಿಡುವುದಿಲ್ಲ. ನಾವು ಹುಡುಕಿದವರಲ್ಲಿ ಒಬ್ಬರೂ ನಮಗೆ ಸಿಕ್ಕಿರಲಿಲ್ಲ, ನಿಜ. ಆದರೆ ಅವರು ತಾವಾಗಿಯೇ ಮನೆಗೆ ಬಂದ ಮೇಲೆ ‘ನಾನು ಆವತ್ತೇ ಹೇಳಿದ್ದೆ’ ಎನ್ನಲು ಬಳಗದ ಪ್ರತಿಯೊಬ್ಬರ ಬಳಿಯೂ ಒಂದು ಹಳೆಯ ಮೆಸೇಜು ಇದ್ದೇ ಇರುತ್ತಿತ್ತು!

ಇಂಥ ನನಗೆ ನಮ್ಮ ಮನೆಯಲ್ಲೇ ಒಂದು ಕೇಸು ಸಿಕ್ಕಿತು. ಶಾಮನೂರಿನಲ್ಲಿರುವ ಭಾವ, ಅಂದರೆ ನನ್ನ ಹೆಂಡತಿ ಗಿರಿಜಾಳ ಅಣ್ಣ ಹಾಲಪ್ಪನವರು, ಬೆಳಿಗ್ಗೆ ಮನೆಯಲ್ಲಿ “ಇಲ್ಲೇ ಹೋಗಿ ಬರ್ತೀನಿ” ಎಂದು ಹೇಳಿ ಹೊರಟವರು ರಾತ್ರಿಯಾದರೂ ಬರಲಿಲ್ಲ. ಮಾರನೆಯ ದಿನ ಬೆಳಗಾದರೂ ಸುದ್ದಿಯಿಲ್ಲ. ಫೋನು ಸ್ವಿಚ್ ಆಫ್.

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, “ಮೊದ್ಲೇ ಅಣ್ಣಂಗೆ ಶುಗರ್ ಐತೆ. ಎಲ್ಲಿ ತಲೆ ತಿರುಗಿ ಬಿದ್ದಾನೋ ಏನೋ. ಪೊಲೀಸ್ ಠಾಣೆಗೆ ಹೋಗಾಣ ನಡೀರಿ” ಎಂದಳು.

“ಠಾಣೆ ಯಾಕೆ? ನಾನಿಲ್ವಾ?”

“ನೀವಿದ್ದೀರಿ ಅಂತಾನೇ ಠಾಣೆಗೆ ಹೋಗಾಣ ಅಂದಿದ್ದು!”

ಅವಳ ಮಾತಿನ ಖಾರಕ್ಕೆ ಕಾರಣವಿತ್ತು. ಮಗಳು ಚೈತ್ರಾಳನ್ನು ನೋಡಲು ಆ ಭಾನುವಾರ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಸಂಬಂಧವನ್ನು ಕೆಡಿಸಿದ ಕೀರ್ತಿ ನನ್ನದು. ಆಗ ನಾನು ಮಾಡಿದ್ದಿಷ್ಟೇ. ಹುಡುಗನ ಫೋಟೋವನ್ನು ಬಳಗಕ್ಕೆ ಹಾಕಿ, ‘ಈತನ ಬಗ್ಗೆ ಮಾಹಿತಿ ಇದ್ದವರು ಗೌಪ್ಯವಾಗಿ ತಿಳಿಸುವುದು’ ಎಂದು ಬರೆದಿದ್ದೆ. ಹುಡುಗನ ಚಿಕ್ಕಪ್ಪ ಅದೇ ಬಳಗದ ಸದಸ್ಯನಾಗಿದ್ದ! ಅದಕ್ಕೇ ಈ ಸಲ ಅಣ್ಣ ತಂಗಿ ಇಬ್ಬರೂ ಸೇರಿ ನನಗೆ ಹುಡುಗನ ಫೋಟೋ ತೋರಿಸಿದ್ದು ಬಿಟ್ಟರೆ ಹೆಸರು, ಮನೆತನ, ಊರು ಏನನ್ನೂ ಹೇಳಿರಲಿಲ್ಲ. “ಹರಿಹರದಾಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಐತೆ. ಇಷ್ಟು ಸಾಕು ನಿಮಗೆ” ಎಂದಿದ್ದಳು ಗಿರಿಜಾ. ಚೈತ್ರಾ ಮಾತ್ರ ಆ ಫೋಟೋವನ್ನು ಎರಡು ಸಲ ನೋಡಿದ್ದಳು. ನನ್ನ ಮಗಳು ಯಾವ ಗಂಡಿನ ಫೋಟೋವನ್ನೂ ಎರಡನೇ ಸಲ ನೋಡಿದವಳಲ್ಲ. ಈ ಸಂಬಂಧ ಕೂಡಿ ಬರಲಿ ಎಂದು ನಾನೂ ಒಳಗೊಳಗೇ ದೇವರಿಗೆ ಕೈ ಮುಗಿದಿದ್ದೆ.

ಭಾವನನ್ನು ಹುಡುಕಿ ತಂದು, ಮನೆಯಲ್ಲಿ ಹೋದ ಮಾನವನ್ನು ಮರಳಿ ಪಡೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಿಲ್ಲ. “ಮಧ್ಯಾಹ್ನದವರೆಗೆ ಟೈಮು ಕೊಡು, ಆಮೇಲೆ ಠಾಣೆ” ಎಂದು ಗಿರಿಜಾಳನ್ನು ಒಪ್ಪಿಸಿ ಕೆಲಸಕ್ಕೆ ಕೂತೆ. ಭಾವನ ಒಂಟಿ ಫೋಟೋ ಸಿಗಲಿಲ್ಲ. ಯಾರದೋ ಗೃಹಪ್ರವೇಶದಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ತೆಗೆಸಿಕೊಂಡದ್ದು ಸಿಕ್ಕಿತು. ಇಬ್ಬರದೂ ಬಿಳಿ ಅಂಗಿ, ಬಿಳಿ ಪಂಚೆ. ಅದನ್ನು ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ, ನಮ್ಮ ಬಳಗದ ತಾಂತ್ರಿಕ ತಜ್ಞ ಇರ್ಫಾನನಿಗೆ ಕಳಿಸಿ, ಕಾಣೆಯಾದವರ ಮುಖವನ್ನಷ್ಟೇ ಕತ್ತರಿಸಿ ಪ್ರಕಟಣೆ ತಯಾರಿಸು ಎಂದೆ. ನಮ್ಮ ಬಳಗದವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನನ್ನ ಹೆಸರಿನ ಪಕ್ಕದಲ್ಲಿ ಮುಖದ ಬದಲು ಒಂದು ಭೂತಗನ್ನಡಿಯ ಚಿತ್ರವಿದೆ.

ಪ್ರಕಟಣೆಯ ಒಕ್ಕಣೆ ಮಾತ್ರ ನನ್ನದೇ. ‘ಇವರಿಗೆ ಮರೆವು ಇರುತ್ತದೆ. ತಾನು ಕಾಣೆಯಾಗಿಲ್ಲವೆಂದು ವಾದಿಸಬಹುದು. ಯಾವ ಕಾರಣಕ್ಕೂ ನಂಬಬಾರದು. ಗದರಿಸದೆ, ಕೂರಿಸಿ, ಊಟ ಕೊಟ್ಟು, ಕೆಳಕಂಡ ನಂಬರಿಗೆ ತಿಳಿಸತಕ್ಕದ್ದು.’ ಕೆಳಗೆ ನನ್ನ ನಂಬರು ಮಾತ್ರ; ಗಂಡಿನ ಕಡೆಯವರಿಗೆ ಸುದ್ದಿ ಮುಟ್ಟಬಾರದೆಂದು ಹೆಸರು, ಊರು ಹಾಕಲಿಲ್ಲ. ಸರ್ವಿಸ್ ಪೂರ್ತಿ ಸುತ್ತೋಲೆ ಬರೆದ ಕೈ, ಒಂದು ಲೋಪವಿರಲಿಲ್ಲ!

“ಅಣ್ಣಂಗೆ ಎಲ್ಲೈತ್ರಿ ಮರೆವು? ನೀವು ಮದುವ್ಯಾಗ ವಾಚಿಗೆ ಮುನಿಸ್ಕಂಡಿದ್ದು ಅವನಿಗೆ ಇನ್ನೂ ನೆನಪೈತೆ” ಎಂದಳು ಗಿರಿಜಾ.

“ಪ್ರಕಟಣೆಗೆ ಸ್ವಲ್ಪ ತೂಕ ಇರಲಿ ಅಂತ” ಎಂದೆ.

“ಟೆನ್ಶನ್ ಬ್ಯಾಡ್ರಿ ಸಾರ್, ಜಿಲ್ಲಾ ಪೂರಾ ಕಳಿಸ್ತೀನಿ” ಎಂದು ಇರ್ಫಾನ್ ಧೈರ್ಯ ಹೇಳಿದ. ಅಷ್ಟರಲ್ಲಿ ಬಳಗದಲ್ಲಿ ಸುಳಿವುಗಳ ಮಳೆಯೇ ಶುರುವಾಯಿತು. ಒಬ್ಬರು ಆಸ್ತಿ ಜಗಳ ಎಂದರು. ಇನ್ನೊಬ್ಬರು ಸಾಂಪ್ರದಾಯಿಕವಾಗಿ ಅಳಿಯನ ಮೇಲೆ ಅನುಮಾನಪಟ್ಟರು. ಭಾವನಿಗೆ ಅಳಿಯನೇ ಇಲ್ಲ! ಮಗುದೊಬ್ಬರು, ಬಿಳಿ ಪಂಚೆ, ಬಿಳಿ ಟೋಪಿಯ ಹಿರಿಯರೊಬ್ಬರು ಹರಿಹರದ ಬಸ್ಸು ಹತ್ತಿದ್ದನ್ನು ಹಿಂದಿನಿಂದ ನೋಡಿದ್ದಾಗಿ ಬರೆದರು. ಹಿಂದಿನಿಂದ ನೋಡಿದರೆ ನಮ್ಮ ಸೀಮೆಯ ಅರ್ಧ ಜನ ಹಾಗೆಯೇ ಕಾಣುತ್ತಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಪ್ರಕಟಣೆ ಬರುವವರೆಗೂ ಕಾಯದೆ ನಾನೂ ಹರಿಹರದ ಬಸ್ಸು ಹತ್ತಿದೆ. ದಾರಿಯಲ್ಲಿ ಇನ್ನೊಂದು ಮೆಸೇಜು ಬಂತು. ‘ಅವರು ನಿನ್ನೆ ಕೊಕ್ಕನೂರು ಬಸ್ಸಿನಲ್ಲಿದ್ದರು.’ ಅದನ್ನು ಓದುತ್ತಿದ್ದಂತೆ, ಬೆಳಗಿನಿಂದ ದುಡಿದಿದ್ದ ನನ್ನ ಫೋನು ಪ್ರಾಣ ಬಿಟ್ಟಿತು.

ಹರಿಹರದಲ್ಲಿ ಇಳಿದಾಗ ಒಂದು ವಿಚಿತ್ರ ನಡೆಯಿತು. ಚಹಾದಂಗಡಿಯವನು ತನ್ನ ಫೋನು ನೋಡಿದ, ನನ್ನನ್ನು ನೋಡಿದ, ಕೇಳದೆಯೇ ಚಹಾ ಕೊಟ್ಟ. ದುಡ್ಡು ಕೊಡಹೋದರೆ, “ಬ್ಯಾಡ್ರಿ ಅಜ್ಜಾರೆ, ಆರಾಮಾಗಿ ಕೂಡ್ರಿ, ಎಲ್ಲಿಗೂ ಹೋಗ್ಬ್ಯಾಡ್ರಿ” ಎಂದ. ಕೊಕ್ಕನೂರಿನ ಬಸ್ಸು ಬಂತೆಂದು ನಾನು ಎದ್ದು ಬಂದೆ. ಬಸ್ಸಿನಲ್ಲಿ ಕಂಡಕ್ಟರು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ತಾಯಿಯೊಬ್ಬಳು ಬಾಳೆಹಣ್ಣು ಸುಲಿದು ಕೈಗಿಟ್ಟಳು. ಬಳಗದ ಕೀರ್ತಿ ತುಂಗಭದ್ರೆಯ ದಂಡೆಯವರೆಗೂ ಹಬ್ಬಿದೆಯೆಂದು ನನಗೆ ಖಾತ್ರಿಯಾಯಿತು. ಮುಖ ನೋಡದವರೂ ಗುರುತು ಹಿಡಿಯುತ್ತಿದ್ದಾರೆಂದರೆ ಅದು ನನ್ನ ನಡಿಗೆಯಲ್ಲಿದ್ದ ಪತ್ತೇದಾರಿ ಗತ್ತಿನಿಂದಲೇ ಇರಬೇಕು! ಬಾಳೆಹಣ್ಣನ್ನು ಸಾರ್ವಜನಿಕ ಗೌರವವೆಂದು ಸ್ವೀಕರಿಸಿದೆ.

ಕೊಕ್ಕನೂರಿನಲ್ಲಿ ಇಳಿದಾಗ ಕಂಡಕ್ಟರು ಕಟ್ಟೆಯ ಮೇಲಿದ್ದ ಹುಡುಗರಿಗೆ, “ಇವ್ರೇ ನೋಡ್ರಪಾ” ಎಂದು ಕೂಗಿದ. ನಾನು ಗಂಭೀರವಾಗಿ, “ವಯಸ್ಸಾದವರೊಬ್ಬರು ದಾರಿ ತಪ್ಪಿ ಇಲ್ಲಿಗೆ ಬಂದಿದ್ದಾರೆಯೇ?” ಎಂದು ವಿಚಾರಿಸಿದೆ.

“ಬಂದಾರೆ ಅಜ್ಜಾ. ಈಗ್ತಾನೆ ಬಂದ್ರು” ಎಂದ ಒಬ್ಬ.

“ಎಲ್ಲಿದ್ದಾರೆ?”

ಅವನು ಫೋನು ತಿರುಗಿಸಿ ತೋರಿಸಿದ. ‘ಕಾಣೆಯಾಗಿದ್ದಾರೆ’ ಎಂಬ ದಪ್ಪಕ್ಷರದ ಕೆಳಗೆ ನಗುತ್ತಾ ನಿಂತಿದ್ದವನು ನಾನು!

“ನಾನು ಕಾಣೆಯಾಗಿಲ್ಲ!” ಎಂದು ಕೂಗಿದೆ.

“ಏ, ಬರ್ದಂಗೇ ಹೇಳಿದ್ರು ನೋಡ್ರಲೇ!” ಎಂದು ಎಲ್ಲರೂ ಬೆರಗಾದರು.

“ಅದನ್ನು ಬರೆದವನೇ ನಾನು ಕಣಯ್ಯಾ!”

“ಹೌದೌದು, ನೀವೇ ಬರ್ದಿದ್ದು. ಬರ್ರಿ, ಊಟ ಮಾಡುವ್ರಂತೆ.”

ಗದರಿಸದೆ ಕೂರಿಸಿ ಊಟ ಕೊಡತಕ್ಕದ್ದು ಎಂಬ ನನ್ನ ಆದೇಶವನ್ನು ಆ ಊರು ಅಕ್ಷರಶಃ ಪಾಲಿಸಿತು. ಇಬ್ಬರು ರಟ್ಟೆ ಹಿಡಿದು ಹತ್ತಿರದ ದೊಡ್ಡ ಮನೆಗೆ ಕರೆದೊಯ್ದರು. ಬೈಕು ಹತ್ತಲಿದ್ದ ಆ ಮನೆಯ ಯುವಕನೊಬ್ಬ ವಿಷಯ ಕೇಳಿ ಬೈಕಿಗೆ ಸ್ಟ್ಯಾಂಡ್ ಹಾಕಿ ನನ್ನ ಕಡೆ ತಿರುಗಿದ. ಈ ಮುಖ ನಾನು ನೋಡಿದ್ದೆ. ಚೈತ್ರಾ ಎರಡು ಸಲ ನೋಡಿದ ಮುಖ!

ಈಗ ಏನು ಹೇಳಲಿ? ಹುಡುಗಿಯ ಅಪ್ಪ ಎಂದರೆ, ಬೀಗರ ಮನೆಗೆ ಪತ್ತೇದಾರಿಕೆ ಮಾಡಲು ಬಂದವನಾಗುತ್ತೇನೆ. ಪ್ರಕಟಣೆ ನಿಜ ಎಂದರೆ, ಹುಡುಗಿಯ ಅಪ್ಪನಿಗೆ ಬುದ್ಧಿ ನೆಟ್ಟಗಿಲ್ಲ ಎಂದಾಗುತ್ತದೆ. ಎರಡರಲ್ಲಿ ಯಾವುದಾದರೂ ಭಾನುವಾರ ಇಲ್ಲಿಂದ ಯಾರೂ ನಮ್ಮ ಮನೆಗೆ ಬರುವುದಿಲ್ಲ. ಮಗಳ ಬಾಳಿನ ಪ್ರಶ್ನೆ. ನಾನು ಯಾರೆಂಬುದೇ ಇವರಿಗೆ ತಿಳಿಯಕೂಡದು ಎಂದು ತೀರ್ಮಾನಿಸಿದೆ.

“ನಿಮ್ಮ ಹೆಸರೇನ್ರಿ ಅಜ್ಜಾ?” ಯುವಕ ಮೆಲ್ಲಗೆ ಕೇಳಿದ.

“ನೆನಪಿಲ್ಲ” ಎಂದೆ.

“ಊರು?”

“ಅದೂ ನೆನಪಿಲ್ಲ.”

ಹುಡುಗನ ತಾಯಿ ಗೌರಮ್ಮ ಅಡುಗೆಮನೆಯಿಂದ ಬಂದವರೇ ಬಾಗಿಲಲ್ಲಿ ವಿಡಿಯೋ ತೆಗೆಯುತ್ತಿದ್ದ ಹುಡುಗರನ್ನು ಗದರಿದರು. “ಮನುಷ್ಯಂಗೆ ಮಾನ ಅನ್ನೋದು ಐತೆ. ಫೋನ್ ಒಳಗಿಟ್ಟು ಹೊರಗೆ ನಡೀರಿ!” ಆಮೇಲೆ ನನ್ನ ಕಡೆ ತಿರುಗಿ, “ಹೆದರ್ಬ್ಯಾಡ್ರಿ ಅಣ್ಣಾರೆ, ಇದು ನಿಮ್ಮ ಮನೀನೇ ಅಂದ್ಕಳ್ರಿ” ಎಂದರು. ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ ಬಂತು. ಹುಡುಗ ಅಂಗಡಿಗೆ ಫೋನು ಮಾಡಿ ಇವತ್ತು ತಡವಾಗುತ್ತದೆ ಎಂದು ಹೇಳಿ, ಕಾಲು ತೊಳೆಯಲು ತಾನೇ ನೀರು ತಂದುಕೊಟ್ಟು, ನನ್ನ ಪಕ್ಕದಲ್ಲೇ ಕೂತ. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ನನ್ನ ಮಗಳು ಇದೇ ಮನೆಗೆ ಸೊಸೆಯಾಗಿ ಬರಬೇಕು ಅನ್ನಿಸಿತು. ಅದಕ್ಕೆ ಇದ್ದ ಒಂದೇ ಅಡ್ಡಿಯೆಂದರೆ ಅಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ನಾನು.

ಹುಡುಗ ಪ್ರಕಟಣೆಯಲ್ಲಿದ್ದ ನಂಬರಿಗೆ ಮತ್ತೆ ಮತ್ತೆ ಫೋನು ಮಾಡಿದ. “ಸ್ವಿಚ್ ಆಫ್ ಐತಲ್ಲವ್ವಾ. ಮನೆಯವ್ರನ್ನ ಹುಡುಕ್ರಿ ಅಂತ ಹಾಕಿ ಫೋನೇ ಆಫ್ ಮಾಡ್ಕಂಡು ಕೂತಾನಲ್ಲ, ಎಂಥ ಬೇಜವಾಬ್ದಾರಿ ಮನುಷ್ಯ ಇರ್ಬೇಕು!” ಎಂದು ನನ್ನೆದುರೇ ನನ್ನನ್ನು ಬೈದ. ನಾನೂ ತಲೆಯಾಡಿಸಿ ಅನುಮೋದಿಸಿದೆ.

ಅಷ್ಟರಲ್ಲಿ ಗೌರಮ್ಮನವರ ಕಣ್ಣು ನನ್ನ ಜೇಬಿನ ಮೇಲೆ ಬಿತ್ತು. “ಮಂಜಾ, ಇವ್ರ ತಾವೇ ಒಂದು ಫೋನ್ ಐತೆ ನೋಡು. ಚಾರ್ಜಿಗೆ ಹಾಕು.”

ಬೇಡ ಎನ್ನುವಷ್ಟರಲ್ಲಿ ಮಂಜುನಾಥ ಫೋನು ತೆಗೆದುಕೊಂಡು ಚಾರ್ಜಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಫೋನಿಗೆ ಜೀವ ಬಂತು. ಪರದೆಯ ಮೇಲೆ ಹಸಿರು ಸೀರೆಯುಟ್ಟ ಚೈತ್ರಾಳ ಫೋಟೋ ಮೂಡಿತು. ಹುಡುಗನ ಕಡೆಗೆ ನಾವು ಕಳಿಸಿದ್ದೂ ಅದೇ ಫೋಟೋ! ಮಂಜುನಾಥ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ ನೋಡಿದ. ಅವನ ಕಿವಿ ಕೆಂಪಾದವು.

“ಅವ್ವಾ,” ಎಂದ ನಿಧಾನಕ್ಕೆ, “ಇವ್ರು ಅಜ್ಜ ಅಲ್ಲ. ಮಾವ ಇರ್ಬೇಕು.”

ಭೂಮಿ ಬಾಯಿ ಬಿಡಬಾರದೇ ಎಂದು ನಾನು ಬೇಡಿಕೊಳ್ಳುತ್ತಿರುವಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಬಿಳಿ ಪಂಚೆ, ಬಿಳಿ ಟೋಪಿ. ಹಾಲಪ್ಪ ಭಾವ!

“ಹೌದ್ರಿ, ಇವ್ರೇ ಹುಡುಗಿ ತಂದೆ. ನಾನು ಸೋದರಮಾವ” ಎಂದು ಕೈ ಮುಗಿದು ಒಳಗೆ ಬಂದರು. ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಸದ್ದಿಲ್ಲದೆ ಹೋಗಿ, ಮನೆತನ ಎಂಥದ್ದು ಎಂದು ವಿಚಾರಿಸಿ ಬರುವುದು ನಮ್ಮ ಕಡೆ ಸೋದರಮಾವನ ಪಾಲಿನ ಕೆಲಸ. ಪರಿಚಯದವರ ಮನೆಯಲ್ಲಿ ಉಳಿದುಕೊಂಡು ಭಾವ ಅದನ್ನೇ ಮಾಡುತ್ತಿದ್ದರು. ಸುದ್ದಿ ನನ್ನ ಕಿವಿಗೆ ಬಿದ್ದರೆ ಬಳಗಕ್ಕೆ ಬೀಳುತ್ತದೆಂದು ಯಾರಿಗೂ ಹೇಳದೆ, ಫೋನು ಆಫ್ ಮಾಡಿ ಬಂದಿದ್ದರಂತೆ.

“ನಾನಿಲ್ಲಿ ಸಿಕ್ಕಿಬಿದ್ದದ್ದು ಯಾವಾಗ ಗೊತ್ತಾಯ್ತು?” ಎಂದು ಕೇಳಿದೆ.

“ನೀವು ಬಸ್ ಇಳಿದಾಗಿಂದ ಎದುರು ಅಂಗಡ್ಯಾಗ ಕೂತು ನೋಡ್ತಿದ್ದೆ ಭಾವಾರೆ.”

“ಮತ್ತೆ ಬಿಡಿಸಲಿಕ್ಕೆ ಯಾಕೆ ಬರಲಿಲ್ಲ?”

“ನಿನ್ನೆಯಿಂದ ಕೇಳ್ತಿದೀನಿ, ಊರಾಗೆ ಎಲ್ಲರೂ ಇವ್ರ ಬಗ್ಗೆ ಒಳ್ಳೇದೇ ಹೇಳ್ತಾರೆ. ಬಾಯಿ ಮಾತು ಯಾರು ಬೇಕಾದ್ರೂ ಹೇಳ್ತಾರೆ. ದಿಕ್ಕಿಲ್ಲದೋರು ಬಾಗಿಲಿಗೆ ಬಂದ್ರೆ ಹೆಂಗೆ ನೋಡ್ಕಂತಾರೆ ಅಂತ ಕಣ್ಣಾರೆ ನೋಡಾಕೆ ಇಂಥ ಅವಕಾಶ ಎಲ್ಲಿ ಸಿಗ್ತದೆ? ಅದಕ್ಕೇ ನಿಮ್ಮನ್ನ ಹಂಗೇ ಬಿಟ್ಟೆ.”

ಗೌರಮ್ಮ ಮೊದಲು ಬೆರಗಾದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಗು ಹೆಚ್ಚಾಗಿ ಕಂಬ ಹಿಡಿದುಕೊಂಡರು. “ಇನ್ನೊಂದು ರೊಟ್ಟಿ ಹಾಕ್ತೀನಿ ತಡೀರಿ ಬೀಗ್ರೇ” ಎಂದರು. ಬೀಗರೇ ಎಂದ ಆ ಒಂದು ಮಾತಿಗೆ ನಾನು ಎಷ್ಟು ಸಲ ಬೇಕಾದರೂ ಕಾಣೆಯಾಗಲು ಸಿದ್ಧನಿದ್ದೆ!

ಗಿರಿಜಾಳಿಗೆ ಫೋನು ಮಾಡಿ ಅಣ್ಣ ಸಿಕ್ಕಿದ ಸುದ್ದಿ ಹೇಳಿದೆ. ಸಂತೋಷದಿಂದ ಅತ್ತಳು. ಎಲ್ಲಿ ಸಿಕ್ಕಿದ ಎಂಬುದನ್ನು ಹೇಳಿದ ಮೇಲೆ ಅಳು ಫಕ್ಕನೆ ನಿಂತಿತು. ಅತ್ತ ಬಳಗದಲ್ಲಿ ಹಬ್ಬ. ನಮ್ಮ ಇತಿಹಾಸದಲ್ಲಿ ಮೊತ್ತಮೊದಲ ಯಶಸ್ವಿ ಪತ್ತೆ! ಇರ್ಫಾನ್ ನನ್ನ ಫೋಟೋದ ಮೇಲೆ ‘ಪತ್ತೆಯಾದರು’ ಎಂದು ಹೂವಿನ ಅಂಚು ಹಾಕಿ ಕಳಿಸಿದ್ದ. ಯಾಕಪ್ಪಾ ನನ್ನ ಮುಖ ಕತ್ತರಿಸಿದೆ ಎಂದು ಕೇಳಿದೆ. “ಮಾಫ್ ಮಾಡ್ರಿ ಸಾರ್. ಇಬ್ಬರಾಗೆ ಯಾರು ಅಂತ ನೀವು ಹೇಳಿರ್ಲಿಲ್ಲ. ನೋಡಿದ್ರೆ ಕಳೆದುಹೋದಂಗೆ ಕಾಣ್ತಿದ್ದೋರು ನೀವೇ” ಎಂದ.

ಭಾನುವಾರ ಅವರು ಬಂದರು. ಬರೀ ನೋಡಿ ಹೋಗಲು ಬಂದವರು, ಮಾತು ಮುಗಿಸಿ, ತಾಂಬೂಲ ಬದಲಿಸಿಕೊಂಡೇ ಎದ್ದರು. ನಾನು ಎದೆಯುಬ್ಬಿಸಿ ಓಡಾಡಿದೆ. ಭಾವ ಒಂದು ಹಗಲು, ಒಂದು ರಾತ್ರಿ ಊರೆಲ್ಲ ವಿಚಾರಿಸಿ ತಿಳಿಯಲಾಗದ್ದನ್ನು ನಾನು ಒಂದೇ ಊಟದಲ್ಲಿ ತಿಳಿದು ಬಂದಿದ್ದೆ. ಈ ಮದುವೆ ಆಗುತ್ತಿರುವುದು ನನ್ನಿಂದ ಎಂದು ಬಂದವರಿಗೆಲ್ಲ ಹೇಳಿದೆ. ಅವರನ್ನು ಕಳಿಸಿ ಬಂದ ಮೇಲೆ ಚೈತ್ರಾಳಿಗೂ ಅದನ್ನೇ ಹೇಳಿದೆ.

“ಹೌದಪ್ಪಾ, ನಿನ್ನಿಂದಾನೇ” ಎಂದಳು ಚೈತ್ರಾ ನಗು ತಡೆದುಕೊಂಡು. “ನನ್ನನ್ನ ನೋಡೋಕೆ ಮುಂಚೆನೇ ಒಪ್ಕಂಡುಬಿಟ್ಟಿದ್ರಂತೆ. ಯಾಕೆ ಅಂತ ಕೇಳ್ದೆ. ‘ನಿಮ್ಮಪ್ಪನ್ನ ನೋಡಿದ ಮೇಲೆ, ಆ ಮನೆಗೆ ಒಬ್ಬ ಅಳಿಯ ಅರ್ಜೆಂಟಾಗಿ ಬೇಕು ಅನ್ನಿಸ್ತು’ ಅಂದ್ರು.”

ನಾನು ಗಿರಿಜಾಳ ಮುಖ ನೋಡಿದೆ, ನನ್ನ ಪರವಾಗಿ ಒಂದು ಮಾತಾಡುತ್ತಾಳೆಂದು.

“ಹುಡುಗ ಬಲು ಸೂಕ್ಷ್ಮ ಐದಾನೆ” ಎಂದಳು.