ಹಲಗೂರಿನ ಜೋಡಿ ಚಿತ್ರ

ಡ್ರಾಯಿಂಗ್ ಮೇಷ್ಟ್ರಿಗೆ ಚಿತ್ರಗಳ ವಿಷಯವೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ಕಾಣೆ. ಮಂಡ್ಯದ ಶಾಲೆಯಲ್ಲಿ ನಾನು ಕಲಿಸುವುದು ಹೂಜಿ, ಮಾವಿನಕಾಯಿ, ಬಹಳವೆಂದರೆ ಮುಚ್ಚಳ ತೆರೆದ ಒಂದು ಪೆಟ್ಟಿಗೆ. ಆದರೆ ಯಾರಾದರೂ ‘ನೀವು ಬಲ್ಲವರು’ ಎಂದರೆ ಇಲ್ಲವೆನ್ನುವ ಶಕ್ತಿಯನ್ನು ದೇವರು ನನ್ನ ನಾಲಗೆಗೆ ಕೊಟ್ಟಿಲ್ಲ. ನನ್ನ ಹೆಂಡತಿ ಇದನ್ನು ರೋಗವೆನ್ನುತ್ತಾಳೆ.

ಆ ರೋಗವೇ ನನ್ನನ್ನು ಮದ್ದೂರು, ಮಳವಳ್ಳಿ ದಾಟಿಸಿ ಹಲಗೂರಿಗೆ ಒಯ್ದದ್ದು. ಅಲ್ಲಿ ಜಮೀನು ಮಾಡಿಕೊಂಡಿದ್ದ ಸಿದ್ದೇಗೌಡರ ಪಡಸಾಲೆಯಲ್ಲಿ ಅವರ ತಾತ, ಅಜ್ಜಿಯನ್ನು ಅಕ್ಕಪಕ್ಕ ಕೂರಿಸಿ ಬರೆದ ಹಳೆಯ ಎಣ್ಣೆಬಣ್ಣದ ಚಿತ್ರವಿತ್ತು. ಬರೆದವನ ಹೆಸರಿಲ್ಲ. ಗೌಡರ ಮಗಳನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

“ಅರಮನೆ ಚಿತ್ರಗಾರ ಬರ್ದಿದ್ದು ಅಂತ ಒಂದ್ ಮಾತ್ ಯೋಳ್ಬುಡಿ ಮೇಷ್ಟ್ರೆ, ಸಾಕು,” ಎಂದರು ಗೌಡರು.

ನಾನು ಹಿಂದೆ ಸರಿದೆ, ಮುಂದೆ ಬಂದೆ, ಒಂದು ಕಣ್ಣು ಮುಚ್ಚಿದೆ. ಗಂಡನ ಮೀಸೆ ಸೊಗಸಾಗಿತ್ತು. ಹೆಂಡತಿಯ ಕುಪ್ಪಸ ಮಾತ್ರ ಭುಜದಲ್ಲಿ ಜೋತುಬಿದ್ದಿತ್ತು. ಅದನ್ನು ಚಿತ್ರಗಾರನ ಸೋಲೆಂದು ಮನ್ನಿಸಿ ಗಂಟಲು ಸರಿಮಾಡಿಕೊಂಡೆ. “ಈ ತಾಯಿಯ ಕಣ್ಣು ನೋಡಿ. ತುಂಬು ಸಂಸಾರ ಮಾಡಿದವಳ ನೆಮ್ಮದಿ! ಇದನ್ನು ಹಿಡಿಯಲು ಅರಮನೆಯ ಕೈಯೇ ಬೇಕು.”

ಗೋಡೆಗೊರಗಿ ಕೂತಿದ್ದ ಗೌಡರ ಸೋದರತ್ತೆ ಕೆಂಪಮ್ಮ ಬಾಯಿ ಬಿಟ್ಟರು. “ನೆಮ್ದಿ ಅಲ್ಲ ಕಣಪ್ಪ, ಅಸಿವು. ಬೆಳಿಗ್ಗಿಂದ ಏನೂ ತಿಂದಿರ್ಲಿಲ್ಲ. ಅದು ನಾನು.”

“ಸುಮ್ಕಿರು ಅತ್ತೆ,” ಎಂದರು ಗೌಡರು.

“ನಿಮ್ಮಪ್ಪನ ಬಾಣ್ತನದಲ್ಲೇ ನಮ್ಮವ್ವ ಸತ್ತೋದ್ಲು ಕಣ್ಲಾ. ಚಿತ್ರ ಬರೆಯೋನು ಬಂದಾಗ ಅವ್ಳೆಲ್ಲಿದ್ಲು? ಅವ್ಳ ಸೀರೆ, ಕುಪ್ಸ ನಂಗಾಕಿ ಅಪ್ಪನ ಪಕ್ಕ ಕೂರ್ಸುದ್ರು. ಮೊಕ ವಸಿ ವಯಸ್ಸಾದಂಗೆ ಮಾಡು ಅಂದ್ರು. ಆಮ್ಯಾಕೆ ಎಲ್ರೂ ಅವ್ವ ಅಂತ ಕೈ ಮುಗುದ್ರು. ನಾನ್ಯಾಕೆ ಇಲ್ಲ ಅನ್ಲಿ?”

ದಿನವೂ ಆ ಚಿತ್ರಕ್ಕೆ ಹೂವಿಡುತ್ತಿದ್ದ ಗೌಡರು ಚಿತ್ರವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ ಕಂಬ ಹಿಡಿದು ಕೂತುಬಿಟ್ಟರು. ಮುದುಕಿ ಎದ್ದು ನನ್ನ ಹತ್ತಿರ ಬಂದರು.

“ನೀವು ತಿಳ್ದೋರು. ಅವ್ವನ ಮೊಕ ನಂಗೆ ಮರ್ತೋಗದೆ. ಕಣ್ ಮುಚ್ಚಿದ್ರೆ ಇದೇ ಬತ್ತದೆ. ಇದ್ರಲ್ಲಿ ಅವ್ಳು ಎಲ್ಲಾದ್ರೂ ವಸಿ ಅವ್ಳಾ, ನೋಡಿ ಯೋಳಿ.”

ಆಗ ನಾನು ನಿಜವಾಗಿ ನೋಡಿದೆ. ಹಣೆ, ತುಟಿ, ಕಿವಿ ಎಲ್ಲವೂ ಸುಕ್ಕುಗಟ್ಟಿ ನನ್ನ ಎದುರಿಗೇ ನಿಂತಿದ್ದವು. ಉಳಿದದ್ದು ಕೈಗಳು. ಬಾಳೆಗೊನೆಯಂತಿದ್ದ ಆ ಬೆರಳುಗಳು ಎಷ್ಟು ಕೆಟ್ಟದಾಗಿದ್ದವೆಂದರೆ ಯಾರವು ಬೇಕಾದರೂ ಆಗಬಹುದಿತ್ತು.

“ಕೈ ನಿಮ್ಮದಲ್ಲಮ್ಮ,” ಎಂದೆ. “ಕೈ ಅವರದೇ.”

ಕೆಂಪಮ್ಮ ಆ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. “ಇದ್ರೂ ಇರ್ಬೋದು,” ಎಂದರು. ನಂಬಿದರೋ, ನನ್ನ ಮೇಲೆ ಕರುಣೆ ತೋರಿದರೋ ತಿಳಿಯಲಿಲ್ಲ.

ಬಸ್ಸಿನವರೆಗೂ ಬಂದ ಗೌಡರು ಅರಮನೆಯ ಮಾತೆತ್ತಲಿಲ್ಲ. ಗಂಡಿನ ಕಡೆಯವರಿಗೆ ಏನು ಹೇಳುತ್ತೀರೆಂದು ನಾನೇ ಕೇಳಿದೆ. “ನಮ್ಮತ್ತೆ ಅಂತೀನಿ,” ಎಂದರು.

ವಾಪಸು ಬರುವ ಬಸ್ಸಿನಲ್ಲಿ, ಎಂದೋ ತೀರಿಹೋದ ನನ್ನ ತಾಯಿಯ ಮುಖವನ್ನು ಒಂದು ಕಾಗದದ ಮೇಲೆ ಬರೆಯಲು ಕೂತೆ. ಸೆರಗು ಬಂತು, ಬೈತಲೆ ಬಂತು, ನಡುವೆ ಏನೂ ಬರಲಿಲ್ಲ. ಪಕ್ಕದವನು ಬಗ್ಗಿ ನೋಡಿ, “ಯಾರ್ದು ಸ್ವಾಮಿ, ಮೊಕವೇ ಇಲ್ವಲ್ಲ?” ಎಂದ.

“ಬಸ್ಸು ಕುಲುಕುತ್ತದಲ್ಲಪ್ಪ,” ಎಂದೆ.

ಬಸ್ಸು ಮಳವಳ್ಳಿಯಲ್ಲಿ ನಿಂತು ಆಗಲೇ ಬಹಳ ಹೊತ್ತಾಗಿತ್ತು.