ಸೂಜಿಯ ಪಕ್ಕದ ಅಯಸ್ಕಾಂತ

ಪ್ರತಿಯೊಂದು ವಸ್ತುವಿಗೂ ಒಂದು ಜಾಗ ಇರಬೇಕು ಎನ್ನುವವರಲ್ಲಿ ನಾನೂ ಒಬ್ಬ. ಡೊಂಬಿವಲಿಯ ಬೆಳಗಿನ ಲೋಕಲ್‌ನಲ್ಲಿ ಕೂಡ ನಾನು ನಿಲ್ಲುವ ಜಾಗ ಗೊತ್ತುಮಾಡಿಟ್ಟಿದ್ದೇನೆ. ಕೂರುವ ಮಾತು ಬಿಡಿ. ನಿವೃತ್ತನಾದ ಮೇಲೂ ವಾರಕ್ಕೆರಡು ದಿನ ಠಾಣೆಯಲ್ಲಿ ಗಾಡಿ ಬದಲಿಸಿ, ರಬಾಳೆಯ ಒಂದು ಪ್ರಯೋಗಾಲಯಕ್ಕೆ ಹೋಗಿ ಉಪಕರಣಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿಯವರು ನನ್ನ ಶಿಸ್ತನ್ನು ಸಹಿಸಿಕೊಂಡಿದ್ದಾರೆ. ಅವರಿಗೆ ಮೊದಲು ನಮಸ್ಕಾರ.

ಅಲ್ಲೊಂದು ಸೂಕ್ಷ್ಮದರ್ಶಕವಿದೆ. ಅದು ಕಣ್ಣಿಗಿಂತ ಸೂಜಿಯನ್ನೇ ನಂಬಿದೆ. ಕಾಂತದ ಲೇಪನವಿರುವ, ಪಕ್ಕದಲ್ಲಿಟ್ಟರೆ ಕೂದಲೂ ತೊಲೆಯಂತೆ ಕಾಣುವಷ್ಟು ಚೂಪಾದ ಆ ಸೂಜಿ ಮೊದಲು ಲೋಹದ ಪದರವನ್ನು ಸವರಿ ಉಬ್ಬುತಗ್ಗು ತಿಳಿದುಕೊಳ್ಳುತ್ತದೆ. ಆಮೇಲೆ ತುಸು ಮೇಲೆದ್ದು, ಅದೇ ದಾರಿಯಲ್ಲಿ ಸಾಗಿ ಕಾಂತದ ಬಲವನ್ನಷ್ಟೇ ಅಳೆಯುತ್ತದೆ. ಸೆಳೆದಲ್ಲಿ ಕಪ್ಪು, ತಳ್ಳಿದಲ್ಲಿ ಬಿಳಿ. ಪರದೆಯ ಮೇಲೆ ಪಟ್ಟೆ ಮೂಡುತ್ತದೆ. ಅದರಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವಳು ಸುಜಾತಾ. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಕಲ್ಯಾಣದಲ್ಲಿ. ಕನ್ನಡದಲ್ಲಿ ಕೇಳಿದರೆ ಉತ್ತರ ಅರ್ಧ ಮರಾಠಿಯಲ್ಲಿ. ಪದರವನ್ನು ಕಾಯಿಸಿದರೆ ಪಟ್ಟೆ ಬದಲಾಗುತ್ತದೆಯೇ ಎನ್ನುವುದು ಅವಳ ಕೊನೆಯ ಅಧ್ಯಾಯ. ಕಾಯಿಸುವ ಮುಂಚಿನ ಚಿತ್ರ ಸಿದ್ಧವಿತ್ತು. ನಂತರದ್ದನ್ನು ಅವತ್ತು ಸಂಜೆಯೊಳಗೆ ತೆಗೆದು ಅವಳ ಗೈಡ್ ಮೇಡಂಗೆ ಕಳಿಸಬೇಕಿತ್ತು.

ಮಧ್ಯಾಹ್ನ ಕೂಗಿದಳು: "ಕಾಕಾ, ಬಘಾ ನಾ! ಕಪ್ಪು ಇದ್ದದ್ದೆಲ್ಲ ಬಿಳಿ ಆಗಿದೆ! ಎಲ್ಲ ಉಲ್ಟಾ! ನನ್ನ ಥೀಸಿಸ್ ಎಕ್ದಮ್ ಮಸ್ತ್!"

ನೋಡಿದೆ. ಪಟ್ಟೆಗಳೆಲ್ಲ ಇದ್ದಲ್ಲೇ ಇದ್ದವು, ಬಣ್ಣ ಮಾತ್ರ ಅದಲುಬದಲು. ನನಗೆ ಬೆಳಗಿನ ಕೆಲಸ ನೆನಪಾಯಿತು. ಅವಳು ಹಿಂದಿನ ದಿನವೇ ಕಾಂತ ತುಂಬಿಸಿಟ್ಟಿದ್ದ ಸೂಜಿ ಡ್ರಾಯರಿನಲ್ಲಿತ್ತು. ಬೆಳಿಗ್ಗೆ ಬಂದವನೇ, ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ ಅಯಸ್ಕಾಂತವನ್ನು ಒರೆಸಿ, ಆ ಸೂಜಿಯ ಡಬ್ಬಿಗೆ ತಾಗಿಸಿ, ಅಂಚಿಗೆ ಅಂಚು ಕೂಡಿಸಿ ಇಟ್ಟವನು ನಾನೇ. ಅವಳು ಅಳೆದದ್ದು ಅದೇ ಸೂಜಿಯಿಂದ. ಉಲ್ಟಾ ಆಗಿದ್ದದ್ದು ಪದರವಲ್ಲ, ಅಯಸ್ಕಾಂತದ ಪಕ್ಕ ಕೂತು ದಿಕ್ಕು ತಿರುಗಿದ ಸೂಜಿಯ ಕಾಂತ. ನಾನು ಸುಮ್ಮನಿದ್ದರೆ ಪರೀಕ್ಷಕರ ಮುಂದೆ ಅವಳೊಬ್ಬಳೇ ನಿಲ್ಲಬೇಕಾಗುತ್ತಿತ್ತು. "ತಡಿಯವಾ ಸುಜಾತಾ," ಎಂದೆ, "ಪದರ ಏನೂ ಮಾಡಿಲ್ಲ. ಮಾಡಿದಾಂವ ನಾನು." ಡ್ರಾಯರು ತೆರೆದು ಡಬ್ಬಿಗೆ ತಾಗಿದ್ದ ಅಯಸ್ಕಾಂತ ತೋರಿಸಿದೆ.

ಅವಳು ಅಯಸ್ಕಾಂತವನ್ನು ಡಬ್ಬಿಯಿಂದ ದೂರ ಎತ್ತಿಟ್ಟಳು. ಆಮೇಲೆ, "ಕಾಕಾ, ನಿಮ್ಮ ಶಿಸ್ತಿಗೇ ಒಂದು ಬೀಗ ಹಾಕಬೇಕು," ಎಂದು, ಸೂಜಿಗೆ ಸರಿಯಾದ ದಿಕ್ಕಿನಲ್ಲಿ ಅಯಸ್ಕಾಂತ ಹಿಡಿದು ಮತ್ತೆ ಅಳೆಯಲು ಕೂತಳು. ಪಟ್ಟೆ ಮುಂಚಿನಂತೆಯೇ ಬಂತು. ಏನೂ ಬದಲಾಗಿಲ್ಲ ಎಂಬ ಸಪ್ಪೆ ಸತ್ಯವನ್ನೇ ಹೊತ್ತಿಗೆ ಸರಿಯಾಗಿ ಕಳಿಸಿ, ತನ್ನ ಜೊತೆ ನನಗೂ ಚಹಾ ಹೇಳಿದಳು. ಅಂಥ ಚಹಾ ಈ ವಯಸ್ಸಿನಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ?

ಮೊನ್ನೆ ಅವಳ ಮಹಾಪ್ರಬಂಧ ಅಚ್ಚಾಗಿ ಬಂತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು, 'ಪ್ರಾಮಾಣಿಕತೆಗಾಗಿ' ಎಂದು. ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಎರಡು ಸಲ ಓದಿ ಕೇಳಿದಳು: "ಅಲ್ರೀ, ಇಷ್ಟು ಪ್ರಾಮಾಣಿಕತೆ ತೋರಸ್ಬೇಕಾದ್ರ, ಅಲ್ಲಿ ಏನು ಕೆಡಿಸಿದ್ರಿ?"